ಮೆಣಸಿನಕಾಯಿ ಗೋದಾಮಿನಲ್ಲಿ ಕರೆಂಟು ಕಂಬ

ನಾನು ಹುಟ್ಟಿದಾಗ ಅತ್ತ ಅಳು ಎಷ್ಟು ಜೋರಾಗಿತ್ತೆಂದರೆ, ಆಸ್ಪತ್ರೆಯ ಹಂಚುಗಳೆಲ್ಲ ಎದ್ದು ಹೋಗಿ ಪಕ್ಕದ ಪೊಲೀಸ್ ಠಾಣೆಯ ಮೇಲೆ ಸಾಲಾಗಿ ಕೂತವು. ಒಂದೂ ಒಡೆಯಲಿಲ್ಲ. ಮೂರು ದಿನ ಬಿಟ್ಟು ಅದೇ ಅಳು ವಾಪಸು ಬಂತು, ಹಂಚುಗಳು ತಿರುಗಿ ತಮ್ಮ ತಮ್ಮ ಜಾಗಕ್ಕೆ ಹೋದವು. ನಮ್ಮೂರಿನಲ್ಲಿ ಯಾರ ದನಿಯಾದರೂ ವಾಪಸು ಬರುವುದು ಒಂದೇ ಸಲ. ನನ್ನದು ಹನ್ನೊಂದು ಸಲ ಬಂತು. ನಂಬದಿದ್ದರೆ ಬಿಡಿ, ಠಾಣೆಯ ಪುಸ್ತಕದಲ್ಲಿ ಬರೆದಿದ್ದಾರೆ. ಆ ಪುಸ್ತಕವನ್ನು ಗೆದ್ದಲು ತಿಂದಿದ್ದರೆ ಅದು ನನ್ನ ತಪ್ಪಲ್ಲ.

ವಾಪಸು ಅಂದರೆ ಇಷ್ಟೇ. ಗುರುವಾರ ಹನ್ನೊಂದೂವರೆಗೆ ಒಂದು ಜಾಗದಲ್ಲಿ ಏನು ಸದ್ದಾಯಿತೋ ಅದು ಭಾನುವಾರ ಹನ್ನೊಂದೂವರೆಗೆ ಅದೇ ಜಾಗದಲ್ಲಿ ಇನ್ನೊಮ್ಮೆ ಕೇಳುತ್ತದೆ, ಅಲ್ಲಿಗೆ ಮುಗಿಯಿತು. ಗಂಡ ಹೆಂಡಿರು ಜಗಳವಾಡಬೇಕಾದರೆ ಚಪ್ಪಲಿ ಮೆಟ್ಟಿಕೊಂಡು ಕೆರೆ ಏರಿಗೆ ಹೋಗುತ್ತಾರೆ. ಹೆಣ್ಣು ನೋಡಲು ಬರುತ್ತಾರೆಂದರೆ ಆ ಮನೆಯವರು ಮೂರು ದಿನ ಮುಂಚಿನಿಂದಲೇ ದೇವರಂಥ ಮಾತು ಆಡುತ್ತಾರೆ. ಟಾಕೀಸಿನಲ್ಲಿ ಮೊನ್ನೆಯ ಸಿನಿಮಾದ ತಾಯಿ ಇವತ್ತಿನ ಕಾಮಿಡಿಯ ನಡುವೆ ಅಳುತ್ತಾಳೆ, ಜನ ಇಬ್ಬರಿಗೂ ಸಮನಾಗಿ ಸಮಯ ಕೊಡುತ್ತಾರೆ. ಎಲ್ಲರಿಗಿಂತ ಕಷ್ಟ ಅಡುಗೆಮನೆಯವರಿಗೆ. ಮೂರು ವಿಶಲ್ ಆಯಿತೆಂದು ಕುಕ್ಕರ್ ಇಳಿಸಿದರೆ ಅದರಲ್ಲಿ ಎರಡು ಮೊನ್ನೆಯವಾಗಿರುತ್ತವೆ, ಬೇಳೆ ಹಸಿ ಹಸಿ. ಬೈಗುಳ ಬೀಳುವುದು ಕುಕ್ಕರ್ ರಿಪೇರಿಯವನಿಗೆ. ಆ ರಿಪೇರಿಯವನು ನಾನೇ, ಬಸಲಿಂಗ. ಏಳು ಜಿಲ್ಲೆಗಳಲ್ಲಿ ನನ್ನಂತೆ ಗ್ಯಾಸ್ಕೆಟ್ ಕೂರಿಸುವವನಿಲ್ಲ.

ನನ್ನ ಗೆಳೆಯ ತಿಪ್ಪೇಶಿ ಬೋರ್ಡ್ ಬರೆಯುವವನು. ನಮ್ಮಿಬ್ಬರನ್ನು ಸೇರಿಸಿದ್ದು 'ಕರೆಂಟು ಕಂಬ'. ಅದು ಕಂಬವಲ್ಲ, ನಾಲ್ಕು ಜನರ ರಾಕ್ ಬ್ಯಾಂಡು. ಎರಡು ಗಿಟಾರು, ಒಂದು ಡ್ರಮ್ಸು, ಹಾಡಲು ರಂಗೋಜಿ. ಇಪ್ಪತ್ತೆರಡು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನ ಅಂಗಡಿಗೆ ಅವರ ಒಂದೇ ಒಂದು ಕ್ಯಾಸೆಟ್ ಬಂದಿತ್ತು, ಅದನ್ನು ನಾವಿಬ್ಬರೂ ಸೇರಿ ಕೊಂಡೆವು. ಅದರ ಕೊನೆಯ ಹಾಡು 'ತಂತಿ'. ವಾಪಸಿಲ್ಲದ ಪಕ್ಕದೂರಿನಲ್ಲಿ ಒಂದೇ ಸಲ ಕೇಳಿದ್ದೆವು, ಎರಡನೇ ದಿನವೇ ಟೇಪ್ ರೆಕಾರ್ಡರು ಆ ಹಾಡನ್ನು ಅಗಿದು ಹಾಕಿತು. ತಿಪ್ಪೇಶಿ ಬ್ಲೇಡಿನಿಂದ ಕೆಟ್ಟ ಭಾಗವನ್ನು ಕತ್ತರಿಸಿ, ಅವನ ಅಕ್ಕನ ಉಗುರುಬಣ್ಣ ಹಚ್ಚಿ ಎರಡು ತುದಿಗಳನ್ನು ಅಂಟಿಸಿದ. ಅಂದಿನಿಂದ ನಮ್ಮ 'ತಂತಿ' ನಡುವೆ ಒಂದು ಸಲ ಹಾರುತ್ತದೆ. "ತಂತಿ ಮೇಲೆ ಕೂತ ಹಕ್ಕಿಗೆ" ಅಂದವನು ಉಸಿರೂ ತೆಗೆದುಕೊಳ್ಳದೆ "ಬೆಳಕು ಬರಲಿ ಬಿಡು" ಅನ್ನುತ್ತಾನೆ. ನಡುವಿನ ಎರಡು ಸಾಲು ಇಲ್ಲ. ತಿಪ್ಪೇಶಿಗೆ ಅದೊಂದು ಕೊರಗು.

"ನನಗೆ ನೆನಪಿದೆ ಕಣೋ ಆ ಎರಡು ಸಾಲು," ಅಂದಿದ್ದೆ ನಾನು ಆಗಲೇ.

"ಹಾಗಾದ್ರೆ ಹೇಳೋ."

"ನಾನು ಹೇಳಿದ್ರೆ ಅದರ ಗತ್ತು ಹೋಗುತ್ತೆ. ರಂಗೋಜಿ ಬಾಯಲ್ಲೇ ಕೇಳ್ಬೇಕು ಅದನ್ನ."

ಇಪ್ಪತ್ತೆರಡು ವರ್ಷ ಇದನ್ನೇ ಹೇಳಿಕೊಂಡು ಬಂದೆ. ಅವನೂ ಕೇಳಿಕೊಂಡು ಬಂದ.

ಈ ವರ್ಷ ಕರೆಂಟು ಕಂಬದವರು ನಮ್ಮೂರಿಗೆ ಬರುತ್ತಾರೆಂದು ಗೊತ್ತಾದಾಗ ತಿಪ್ಪೇಶಿ ಮಂಚದ ಮೇಲಿದ್ದ. ಮೆಡಿಕಲ್ ಶಾಪಿನ ಬೋರ್ಡ್ ಬರೆಯುವಾಗ ಏಣಿ ಜಾರಿ ಬಿದ್ದಿದ್ದ. ಎಡಗಾಲು ತೊಡೆಯಲ್ಲಿ ಎರಡು ಕಡೆ ಮುರಿದಿತ್ತು, ಒಳಗೆ ಕೀವು ಬೇರೆ. ಸೋಮವಾರ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್. "ಕಾಲು ಉಳಿಸೋಕೆ ನೋಡ್ತೀವಿ" ಅಂದಿದ್ದರಂತೆ ಡಾಕ್ಟರು. ಆ 'ನೋಡ್ತೀವಿ' ಅನ್ನುವ ಮಾತು ಅವನ ಹೆಂಡತಿ ಸುಮಂಗಲಳ ನಿದ್ದೆಯನ್ನೂ ತಿಂದುಹಾಕಿತ್ತು.

"ಗುರುವಾರ ಜ್ವರ ಇಳಿಯೋ ಹಾಗೆ ಕಾಣಲ್ಲ," ಅಂದ ತಿಪ್ಪೇಶಿ. "ನೀನು ಹೋಗು. 'ತಂತಿ' ಹಾಡಿಸು, ಪೂರ್ತಿ. ನಾನು ಭಾನುವಾರ ವಾಪಸಿಗೆ ಬರ್ತೀನಿ. ಸೋಮವಾರದೊಳಗೆ ಒಂದು ಸಲ ಕೇಳಿಬಿಡಬೇಕು ಕಣೋ."

"ಹಾಡಿಸೋದೇನು, ನಿನ್ನ ಹೆಸರು ಹೇಳಿಸಿ ಹಾಡಿಸ್ತೀನಿ. ರಂಗೋಜಿಗೆ ನಾನು ಗೊತ್ತಿಲ್ಲ ಅಂದ್ಕೊಂಡಿದ್ದೀಯಾ?" ಅಂದೆ. ಗೊತ್ತಿರಲಿಲ್ಲ.

ಇನ್ನು ಜಾಗದ ವಿಷಯ. ಗುರುವಾರ ಡ್ರಮ್ಸು ಬಾರಿಸಿದರೆ ಭಾನುವಾರ ಯಾರಿಗೆ ತೊಂದರೆ ಎಂದು ನೋಡಿಯೇ ನಮ್ಮೂರಿನಲ್ಲಿ ಜಾಗ ಕೊಡುವುದು. ಕಲ್ಯಾಣ ಮಂಟಪದಲ್ಲಿ ಭಾನುವಾರ ಮುಹೂರ್ತವಿತ್ತು. ಹೈಸ್ಕೂಲಿನಲ್ಲಿ ಭಾನುವಾರ ಯಾವುದೋ ಪರೀಕ್ಷೆ. ರಾತ್ರಿಯ ಮಾತಂತೂ ಎತ್ತುವ ಹಾಗೇ ಇಲ್ಲ. ಕೊನೆಗೆ ಸಿಕ್ಕಿದ್ದು ಮಾರುಕಟ್ಟೆ ಹಿಂದಿನ ಮೆಣಸಿನಕಾಯಿ ಗೋದಾಮು, ಬೆಳಿಗ್ಗೆ ಹನ್ನೊಂದೂವರೆಗೆ. ತಗಡಿನ ಮಾಡು, ಒಂದೇ ಕಿಟಕಿ, ಮೂರು ಕಡೆ ಗೋಡೆಯೆತ್ತರಕ್ಕೆ ಕೆಂಪು ಮೆಣಸಿನಕಾಯಿ ಚೀಲ. ತೂಕದ ಕಟ್ಟೆಯೇ ಸ್ಟೇಜು.

ಜನವೂ ಅಷ್ಟೇ. ನಮ್ಮೂರಿನವರು ಯಾವ ಕಾರ್ಯಕ್ರಮದ ಅಸಲಿಗೂ ಹೋಗುವುದಿಲ್ಲ. ವಾಪಸಿಗೆ ಚಾಪೆ, ಬುತ್ತಿ ತೆಗೆದುಕೊಂಡು ಮನೆಮಂದಿಯೆಲ್ಲ ಹೋಗುತ್ತಾರೆ. ಟಿಕೆಟ್ಟಿಲ್ಲ, ನೂಕುನುಗ್ಗಲಿಲ್ಲ, ಕಣ್ಣು ಮುಚ್ಚಿಕೊಂಡರೆ ಅಸಲಿಗೂ ವಾಪಸಿಗೂ ಏನು ವ್ಯತ್ಯಾಸ? ಹೀಗಾಗಿ ಗುರುವಾರ ಅಲ್ಲಿ ಸೇರಿದ್ದ ಹತ್ತು ಸಾವಿರ ಜನರಲ್ಲಿ ನಮ್ಮೂರಿನವರೆಂದರೆ ನಾನು, ಮತ್ತೆ ಕಾಯಿ ಆರಿಸುವ ಹಾಲಮ್ಮ, ಇಬ್ಬರೇ.

ಇಪ್ಪತ್ತೆರಡು ವರ್ಷ ಗೋಡೆಗೆ ಅಂಟಿಸಿಕೊಂಡಿದ್ದ ಮುಖ ಎದುರಿಗೆ ಬಂತು. ರಂಗೋಜಿಗೆ ಕೂದಲು ಕಡಿಮೆಯಾಗಿತ್ತು, ಹೊಟ್ಟೆ ಬಂದಿತ್ತು, ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡಿದ್ದ. ಮೊದಲ ಹಾಡಿನ ಮೊದಲ ಸಾಲಿಗೇ ಡ್ರಮ್ಸಿನವನು ಸೀನಿದ. ಡ್ರಮ್ಸು ಅದುರಿದಂತೆಲ್ಲ ಚೀಲಗಳಿಂದ ಘಾಟು ಏಳುತ್ತಿತ್ತು. ಎರಡನೇ ಹಾಡಿಗೆ ನಾವೆಲ್ಲ ಅಳುತ್ತಿದ್ದೆವು, ಹಾಡಿನಿಂದಲ್ಲ. ಗಿಟಾರಿನವನು ಒಂದು ಕೈಯಲ್ಲಿ ಕಣ್ಣು ಒರೆಸಿಕೊಂಡು ಇನ್ನೊಂದು ಕೈಯಲ್ಲಿ ಬಾರಿಸಲು ಹೋಗಿ ಎರಡನ್ನೂ ಕೆಡಿಸಿಕೊಂಡ. ಆದರೂ ನಾನು ಮುಂದೆ ಮುಂದೆ ಸರಿದು ಕಟ್ಟೆಗೆ ಎದೆ ತಾಗಿಸಿ ನಿಂತೆ. 'ತಂತಿ' ಬರಲಿಲ್ಲ. ಹನ್ನೆರಡೂ ಮುಕ್ಕಾಲಿಗೆ ರಂಗೋಜಿ ಗಡಿಯಾರ ನೋಡಿಕೊಂಡ.

"ಕೊನೇ ಹಾಡು. ಯಾವುದು ಬೇಕು?" ಅಂದ. ಯಾರೂ ಬಾಯಿ ಬಿಡಲಿಲ್ಲ, ಬಿಟ್ಟರೆ ಘಾಟು ಒಳಗೆ ಹೋಗುತ್ತಿತ್ತು. ಆಗ ಬಗ್ಗಿ ಮೈಕನ್ನು ನನ್ನ ಬಾಯಿಗೇ ಹಿಡಿದ. "ಹೇಳಿ ಅಣ್ಣ."

ಆಮೇಲೆ ಏನಾಯಿತೆಂದು ಅಂದು ಸಂಜೆ ಐದಕ್ಕೆ ತಿಪ್ಪೇಶಿಯ ಮಂಚದ ಪಕ್ಕ ಕೂತು ಹೇಳಿದ್ದು ಹೀಗೆ. ನಾನು "ತಂತಿ!" ಅಂದೆ. ರಂಗೋಜಿ ನನ್ನನ್ನು ಎಳೆದು ಸ್ಟೇಜಿಗೆ ಹತ್ತಿಸಿಕೊಂಡು ತಬ್ಬಿದ. ಜನ ಹೊರಡಲಿ, ನಿನಗೊಬ್ಬನಿಗೇ ಹಾಡುತ್ತೇನೆ ಅಂದ. ಎಲ್ಲ ಹೋದ ಮೇಲೆ ಬರಿಗಂಟಲಿನಲ್ಲಿ ತಿಪ್ಪೇಶಿಯ ಹೆಸರು ಹೇಳಿ ಹಾಡಿದ. ಪೂರ್ತಿ ಹಾಡಿದ. ತಿಪ್ಪೇಶಿ ಜ್ವರದ ಕಣ್ಣು ಅರಳಿಸಿ ಕೇಳುತ್ತಿದ್ದ. ನನಗೆ ಹುರುಪು ಬಂದು, ಆಪರೇಷನ್ ಮಾಡುವ ಡಾಕ್ಟರು ನನ್ನ ಕುಕ್ಕರ್ ಗಿರಾಕಿ, ನಾನು ಮಾತಾಡಿದ್ದೇನೆ, ಕಾಲಿಗೆ ಏನೂ ಆಗುವುದಿಲ್ಲ ಎಂದೂ ಸೇರಿಸಿದೆ. ಸುಮಂಗಲ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಿಜಕ್ಕೂ ನಡೆದದ್ದು ಬೇರೆ. ಮೈಕು ಬಾಯಿಗೆ ಬಂದಾಗ ನನ್ನ ನಾಲಿಗೆ, ಏಳು ಜಿಲ್ಲೆ ಆಳಿದ ನಾಲಿಗೆ, ಹಲಗೆಯಂತಾಯಿತು. ಎದುರಿಗೆ ರಂಗೋಜಿ, ಅವನ ಮೂಗಿನ ತುದಿಯಲ್ಲಿ ಒಂದು ಹನಿ. ನಾನು ಅಂದದ್ದು, "ಊಟ ಆಯ್ತಾ ಸಾರ್?"

"ಇನ್ನೂ ಇಲ್ಲಣ್ಣ. ನಿಮ್ಮದು?" ಅಂದ ರಂಗೋಜಿ. ಜನ ನಕ್ಕರು. ಗಿಟಾರಿನವನು "ಸಾಕು ನಡೀರಪ್ಪ, ಕಣ್ಣು ಹೋಗುತ್ತೆ" ಅಂದ. ಐದೇ ನಿಮಿಷದಲ್ಲಿ ಸಾಮಾನೆಲ್ಲ ಜೀಪಿಗೆ ಹೋಯಿತು, ಜೀಪು ಹೋಯಿತು, ಜನವೂ ಬಸ್ ಹಿಡಿಯಲು ಓಡಿದರು.

ಖಾಲಿ ಗೋದಾಮಿನಲ್ಲಿ ನಿಂತಿದ್ದಾಗ ಒಂದು ಸಂಗತಿ ಹೊಳೆಯಿತು. ಘಾಟಿಗೆ ನನ್ನ ಗಂಟಲು ಕೆಟ್ಟು ಥೇಟ್ ರಂಗೋಜಿಯ ಗಂಟಲಾಗಿತ್ತು. ವಾಪಸಿಗೆ ಮುಖವಿಲ್ಲ, ದನಿ ಮಾತ್ರ. ತೂಕದ ಕಟ್ಟೆ ಹತ್ತಿದೆ. "ಇದು ನನ್ನ ಗೆಳೆಯ ತಿಪ್ಪೇಶಿಗೆ. ಬೇಗ ಎದ್ದು ಓಡಾಡು" ಅಂದು ಕಣ್ಣು ಮುಚ್ಚಿ 'ತಂತಿ' ಹಾಡಿದೆ. ಮುಗಿಸಿ ಕಣ್ಣು ಬಿಟ್ಟರೆ, ಚೀಲಗಳ ಸಂದಿಯಲ್ಲಿ ಹಾಲಮ್ಮ ಪೊರಕೆ ಹಿಡಿದುಕೊಂಡು ಕಸ ಗುಡಿಸುತ್ತಿದ್ದಳು.

"ಯಾರಿಗೂ ಹೇಳಬೇಡ ಹಾಲಮ್ಮ, ನಿಮ್ಮನೆ ಕುಕ್ಕರ್ ಜೀವಮಾನ ಪೂರ್ತಿ ನನ್ನದು," ಅಂತ ಭಾನುವಾರಕ್ಕೆ ಯಾರಿಗೂ ಕೇಳದಂತೆ ಅವಳ ಕಿವಿಯಲ್ಲಿ ಪಿಸುಗುಟ್ಟಿದೆ.

"ನಮ್ಮನೇಲಿ ಮಡಕೆ," ಅಂದಳು.

ಶುಕ್ರವಾರ ಬೆಳಿಗ್ಗೆ ಅಂಗಡಿಯಲ್ಲಿ ಒಂದು ಕುಕ್ಕರಿನ ಹಿಡಿ ಬಿಗಿಯುತ್ತ ಅದೇ ಹಾಡನ್ನು ಗುನುಗುತ್ತಿದ್ದೆ. "ತಂತಿ ಮೇಲೆ ಕೂತ ಹಕ್ಕಿಗೆ, ಬೆಳಕು ಬರಲಿ ಬಿಡು." ಸ್ಕ್ರೂಡ್ರೈವರ್ ಕೈಯಿಂದ ಬಿತ್ತು. ಗುರುವಾರವೂ ಹೀಗೇ ಹಾಡಿದ್ದೆ! ಹಾಡು ಹಾರುವ ಜಾಗದಲ್ಲಿ ನಾಲಿಗೆ ತಾನಾಗಿ ಹಾರಿತ್ತು. ಪ್ರಪಂಚದಲ್ಲಿ 'ತಂತಿ'ಯನ್ನು ಹೀಗೆ ಹಾಡುವವರು ಇಬ್ಬರೇ. ಅವರಲ್ಲಿ ಒಬ್ಬ ಭಾನುವಾರ ಕೇಳಲು ಬರುತ್ತಾನೆ.

ಲೆಕ್ಕ ಹಾಕಿದೆ: ಹನ್ನೆರಡೂ ಐವತ್ತಕ್ಕೆ "ಊಟ ಆಯ್ತಾ ಸಾರ್", ಐವತ್ತೇಳಕ್ಕೆ ಹೊರಗೆ ಜೀಪು, ಒಂದೂ ನಾಲ್ಕಕ್ಕೆ ಹಕ್ಕಿ. ಮೂರು ಕಡೆ ಸಿಕ್ಕಿಬೀಳಬಹುದು. ಮೊದಲೆರಡಕ್ಕೆ ಬಾಯಲ್ಲಿ ಏನಾದರೂ ಹೇಳಿ ಜಾರಿಕೊಂಡೇನು. ಹಕ್ಕಿಯ ಜಾಗಕ್ಕೆ ಮಾತು ಸಾಲದು, ಆ ಗಳಿಗೆಯನ್ನೇ ಮುಚ್ಚಬೇಕು. ಒಂದು ಭಾರಿ ಸೀನು ಬಿದ್ದರೆ, ಎರಡು ಸಾಲು ಸೀನಿನ ಕೆಳಗೆ ಹೋದವೆಂದು ತಿಪ್ಪೇಶಿ ಅಂದುಕೊಳ್ಳುತ್ತಾನೆ. ನನ್ನನ್ನು ಬೈಯುತ್ತಾನೆ, ಬೈಯಲಿ. ಅದಕ್ಕೂ ಮುಂಚೆ, ಅವನು ಬರದಂತೆಯೇ ನೋಡಿಕೊಳ್ಳೋಣವೆಂದು ಶನಿವಾರ ಅವನ ಮನೆಗೆ ಹೋಗಿ ಸುಮಂಗಲಳ ಹತ್ತಿರ ಮಾತೆತ್ತಿದೆ.

"ತಂಗೀ, ಈ ಕಾಲು ಇಟ್ಕೊಂಡು ಅವನನ್ನ ಅಲ್ಲಾಡಿಸೋದು ಸರಿಯಲ್ಲ. ಡಾಕ್ಟರು ಏನಂದಾರು?"

"ಕೇಳಿದೆ ಬಸಲಿಂಗಣ್ಣ. ಕುರ್ಚೀಲಿ ಕೂರಿಸಿ, ಕಾಲಿಗೆ ಹಲಗೆ ಕಟ್ಕೊಂಡು ಹೋಗಿ ಅಂದ್ರು," ಅಂದಳು ಸುಮಂಗಲ. "ಎರಡು ದಿನದಿಂದ ಅದೊಂದೇ ಮಾತು ಇವರಿಗೆ. ಜ್ವರಾನೂ ಇಳಿದಿದೆ. ನೀವು ಮಾಡಿದ ಉಪಕಾರ ಸಣ್ಣದಲ್ಲ."

ಒಳಗಿನಿಂದ ತಿಪ್ಪೇಶಿ ಕೂಗಿದ. "ಬಸಲಿಂಗಾ, ನನ್ನ ಹಳೇ ಬನಿಯನ್ ಸಿಕ್ತು ಕಣೋ, ಕರೆಂಟು ಕಂಬದ ಚಿತ್ರ ಬರೆದಿದ್ನಲ್ಲ! ಹೊಟ್ಟೆ ಮೇಲೆ ನಿಂತ್ಕೊಳುತ್ತೆ, ಕೆಳಗಿಳಿಯಲ್ಲ!" ನಾನು ನಕ್ಕೆ. ನಕ್ಕಿದ್ದು ನನಗೇ ಕೆಟ್ಟದಾಗಿ ಕೇಳಿಸಿತು.

ಭಾನುವಾರ ಊರಿಗೆ ಊರೇ ಗೋದಾಮಿನಲ್ಲಿತ್ತು. ಇದಕ್ಕೆ ನಾನು ಏನನ್ನೂ ಸೇರಿಸುತ್ತಿಲ್ಲ, ನಿಜಕ್ಕೂ ಅಷ್ಟು ಜನ. ಚೀಲಗಳ ಮೇಲೆ ಮಕ್ಕಳು, ಚಾಪೆಗಳ ಮೇಲೆ ದೊಡ್ಡವರು, ಎಲ್ಲರ ಮೂಗಿಗೂ ಒದ್ದೆ ಬಟ್ಟೆ. ತಿಪ್ಪೇಶಿಯನ್ನು ನಾಲ್ಕು ಜನ ಕುರ್ಚಿ ಸಮೇತ ಹೊತ್ತು ತಂದು ಕಟ್ಟೆಯ ಮುಂದೆ, ಗುರುವಾರ ನಾನು ನಿಂತಿದ್ದ ಜಾಗದಲ್ಲೇ ಇಟ್ಟರು. ಹಾಲಮ್ಮ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ನನ್ನ ಜೇಬಿನ ಪೊಟ್ಟಣದಲ್ಲಿ ಒಂದು ಚಿಟಿಕೆ ಖಾರದ ಪುಡಿ ಇತ್ತು.

ಹನ್ನೊಂದೂವರೆಗೆ ಬರಿಯ ಕಟ್ಟೆಯಿಂದ ಡ್ರಮ್ಸು ಎದ್ದಿತು, ಸೀನೂ ಎದ್ದಿತು. ಜನ ಸೀನಿಗೂ ಚಪ್ಪಾಳೆ ತಟ್ಟಿದರು. ತಿಪ್ಪೇಶಿ ಕಣ್ಣು ಮುಚ್ಚಿ, ಕುರ್ಚಿಯ ಕೈಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ನಾನು ಗಡಿಯಾರ ಮಾತ್ರ ನೋಡುತ್ತಿದ್ದೆ. ಹನ್ನೆರಡೂ ಐವತ್ತಕ್ಕೆ ಗೋದಾಮು ತುಂಬ ನನ್ನ ದನಿ ಮೊಳಗಿತು. "ಊಟ ಆಯ್ತಾ ಸಾರ್?"

ಊರೆಲ್ಲ ನನ್ನ ಕಡೆ ತಿರುಗಿತು. "ಏನು ನೋಡ್ತೀರಿ? ಬೇಕಾದವರನ್ನಲ್ಲದೆ ಊಟ ಆಯ್ತಾ ಅಂತ ಯಾರನ್ನ ಕೇಳ್ತಾರೆ? ಅಷ್ಟು ಸಲಿಗೆ ನಮ್ಮದು!" ಅಂದೆ. ಜನ ಗೊಳ್ಳೆಂದು ನಕ್ಕರು. ತಿಪ್ಪೇಶಿಯೂ ನಕ್ಕ, ಅರ್ಧ.

ಐವತ್ತೇಳಕ್ಕೆ ಬಾಗಿಲ ಹತ್ತಿರ ಕೂತಿದ್ದ ಸುಮಂಗಲ, "ಹೊರಗೆ ಜೀಪು ಹೊರಟ ಸದ್ದಾಯ್ತಲ್ಲ ಬಸಲಿಂಗಣ್ಣ, ಇನ್ನೂ ಹಾಡೇ ಆಗಿಲ್ಲ?" ಅಂದಳು.

"ಸಾಮಾನು ಮೊದಲು ಕಳಿಸಿದ್ರು ತಂಗಿ, ರಂಗೋಜಿ ಉಳ್ಕೊಂಡ."

ಆಮೇಲೆ ಆ ದನಿ ಬಂತು. "ಇದು ನನ್ನ ಗೆಳೆಯ ತಿಪ್ಪೇಶಿಗೆ." ಜನ ಹಾ ಅಂದರು. ಹಾಡು ಶುರುವಾಯಿತು. ಸುಳ್ಳು ಯಾಕೆ, ಚೆನ್ನಾಗಿಯೇ ಇತ್ತು. ಹಾಲಮ್ಮನ ಪೊರಕೆ ಸರಕ್ ಸರಕ್ ಎಂದು ಜೊತೆ ಕೊಡುತ್ತಿತ್ತು, ಅದೊಂದು ಹೊಸ ವಾದ್ಯವಿರಬೇಕೆಂದು ಹಿಂದೆ ಯಾರೋ ಪಿಸುಗುಟ್ಟಿದರು. ನಾನು ಪೊಟ್ಟಣ ಬಿಚ್ಚಿ ಚಿಟಿಕೆ ಪುಡಿಯನ್ನು ಮೂಗಿಗೆ ಏರಿಸಿದೆ. ಕಣ್ಣು ತುಂಬಿತು, ಬಾಯಿ ತೆರೆಯಿತು, ಸೀನು ಮಾತ್ರ ಅಲ್ಲೇ ನಿಂತಿತು. "ತಂತಿ ಮೇಲೆ ಕೂತ ಹಕ್ಕಿಗೆ," ಅಂದಿತು ದನಿ. ನಾನು ಬಾಯಿ ತೆರೆದು ನಿಂತೇ ಇದ್ದೆ. "ಬೆಳಕು ಬರಲಿ ಬಿಡು." ಆಗ ಬಂತು ಸೀನು, ಯಾರಿಗೂ ಬೇಡವಾದ ಹೊತ್ತಿನಲ್ಲಿ.

ತಿಪ್ಪೇಶಿಯ ಬೆರಳು ನಿಂತಿತ್ತು.

ಹಾಡು ಮುಗಿದು ಊರೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಒಬ್ಬಳು ಅಜ್ಜಿ ನನ್ನ ಕೆನ್ನೆ ಸವರಿ ದೃಷ್ಟಿ ತೆಗೆದಳು. ಹಾಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು. ತಿಪ್ಪೇಶಿ, "ಮನೆಗೆ ಹೋಗೋಣ" ಅಂದ, ಅಷ್ಟೇ. ದಾರಿಯುದ್ದಕ್ಕೂ ಜನ ಅವನಿಗೆ ಕೈ ಬೀಸಿದರು, ಅವನೂ ಬೀಸಿದ. ನನ್ನ ಕಡೆ ನೋಡಲಿಲ್ಲ.

ಅವನನ್ನು ಮಂಚದ ಮೇಲೆ ಮಲಗಿಸಿ, ಕಾಲಿನ ಕೆಳಗೆ ದಿಂಬು ಇಟ್ಟು, ಅಂಗಡಿ ಕಡೆ ಹೋಗಿಬರುತ್ತೇನೆ ಅಂದೆ. "ಕೂತ್ಕೋ. ಐದು ಗಂಟೆ ತನಕ ಇರು," ಅಂದ. ಆಗ ನೆನಪಾಯಿತು. ಗುರುವಾರ ಐದಕ್ಕೆ, ಇದೇ ಸ್ಟೂಲಿನ ಮೇಲೆ ಕೂತು ನಾನು ಹೇಳಿದ್ದೆಲ್ಲ ಈಗ ಇದೇ ಕೋಣೆಗೆ ಬರುತ್ತದೆ. ಎದ್ದೆ. ಅವನು ನನ್ನ ಅಂಗಿಯ ಚುಂಗು ಹಿಡಿದುಕೊಂಡ. ಮಲಗಿದವನ ಹಿಡಿತ ಅಷ್ಟು ಗಟ್ಟಿಯಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಐದು ಹೊಡೆಯಿತು. "ತಿಪ್ಪೇಶೀ! ಹತ್ತು ಸಾವಿರ ಜನ ಕಣೋ, ಕಾಲಿಡೋಕೆ ಜಾಗ ಇಲ್ಲ!" ಅಂದಿತು ಗೋಡೆ, ನನ್ನ ದನಿಯಲ್ಲಿ.

"ಎಷ್ಟು ಜನ?" ತಿಪ್ಪೇಶಿ ಕೇಳಿದ, ಮಾಡು ನೋಡುತ್ತ.

"ಹತ್ತಲ್ಲ ಅಂದ್ರೂ ಒಂದು ಎಂಟು..."

"ಎಷ್ಟು?"

"ಹತ್ತೊಂಬತ್ತು. ಹಾಲಮ್ಮನ್ನ ಸೇರಿಸಿ."

"ಮೈಕ್ ನನ್ನ ಬಾಯಿಗೇ ಕೊಟ್ಟ! ತಂತಿ ಅಂದೆ ನೋಡು!" ಅಂದಿತು ಗೋಡೆ.

"ಊಟ ಆಯ್ತಾ ಅಂದೆ. ಅಷ್ಟೇ ಬಂತು ಬಾಯಿಗೆ," ಅಂದೆ ನಾನು. "ಅವನು ಹೋದ. ತಬ್ಬಲಿಲ್ಲ. ಹಾಡಿದ್ದು ನಾನು. ಹುಟ್ಟಿದಾಗಲೂ ನಾನು ಅಳಲಿಲ್ಲವಂತೆ ಕಣೋ, ಬೆನ್ನಿಗೆ ಎರಡು ಬಾರಿಸಿದ ಮೇಲೆ ಕುಂಯ್ ಅಂದೆನಂತೆ."

"ಹಂಚಿನ ಕಥೇನೂ ಸುಳ್ಳಾ?" ಅಂದ ತಿಪ್ಪೇಶಿ. ನಗಲಿಲ್ಲ.

"ಪೂರ್ತಿ ಹಾಡಿದ ಕಣೋ, ಆ ಎರಡು ಸಾಲೂ ಸೇರಿಸಿ!" ಅಂದಿತು ಗೋಡೆ.

"ಏನು ಆ ಎರಡು ಸಾಲು, ಬಸಲಿಂಗ?"

ಆ ಗಳಿಗೆಯಲ್ಲೂ ನಾಲಿಗೆಯ ತುದಿಯಲ್ಲಿ ಎರಡು ಸಾಲು ಸಿದ್ಧವಾಗಿದ್ದವು. ಪ್ರಾಸ ಕೂಡ ಇತ್ತು. ನುಂಗಿಕೊಂಡೆ. "ಗೊತ್ತಿಲ್ಲ."

"ಯಾವಾಗ ಮರೆತೆ?"

"ಮರೆಯೋಕೆ ಯಾವತ್ತೂ ಗೊತ್ತಿರಲಿಲ್ಲ ಕಣೋ. ನೀನು ಟೇಪ್ ಕತ್ತರಿಸಿ ಅಳೋ ಹಾಗೆ ಮುಖ ಮಾಡಿದ್ದೆ. ಅದಕ್ಕೆ ಹೇಳಿದೆ."

ಅವನು ಅಂಗಿಯ ಚುಂಗನ್ನು ಬಿಟ್ಟ. ಸುಮಂಗಲ ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು, ಗುರುವಾರ ನಿಂತಿದ್ದ ಜಾಗದಲ್ಲೇ. ಗೋಡೆಯಲ್ಲಿ ನಾನು ಇನ್ನೂ ಹುರುಪಿನಲ್ಲಿದ್ದೆ. "ಆ ಡಾಕ್ಟರು ನನ್ನ ಗಿರಾಕಿ! ಮಾತಾಡಿದ್ದೀನಿ. ನಿನ್ನ ಕಾಲಿಗೆ ಏನೂ ಆಗಲ್ಲ, ಬರೆದಿಟ್ಕೋ!" ಆಮೇಲೆ ಸುಮಂಗಲ ಮೂಗು ಒರೆಸಿಕೊಂಡ ಸದ್ದು, ನನ್ನ ನಗು, ಚಪ್ಪಲಿಯ ಸದ್ದು. ಗೋಡೆ ಸುಮ್ಮನಾಯಿತು.

ತಿಪ್ಪೇಶಿ ಈಗ ನನ್ನ ಮುಖ ನೋಡಿದ. "ಅದು?" ಅಂದ, ಮೆಲ್ಲಗೆ.

"ಆ ಡಾಕ್ಟರು ಯಾರು ಅಂತಾನೇ ನನಗೆ ಗೊತ್ತಿಲ್ಲ," ಅಂದೆ. "ಕಾಲು ಉಳಿಯುತ್ತೋ ಇಲ್ವೋ, ಅದೂ ಗೊತ್ತಿಲ್ಲ ಕಣೋ. ಹೆದರಿಕೆ ಆಗ್ತಿದೆ ನನಗೆ."

"ನನಗೂ," ಅಂದ ತಿಪ್ಪೇಶಿ.